ದಿನಾಂಕವಿಲ್ಲದ ಚೀಟಿ

ಸೆಪ್ಟೆಂಬರ್ 2, 2024, ಸೋಮವಾರ

ಈ ಡೈರಿ ಯಾವುದೋ ಔಷಧಿ ಕಂಪನಿಯವರು ಜನವರಿಯಲ್ಲಿ ಕೊಟ್ಟದ್ದು. ಎಂಟು ತಿಂಗಳು ಇದರ ಮೇಲೆ ಕಾಫಿ ಲೋಟ ಇಡುತ್ತಿದ್ದೆ. ಆಫೀಸಿನಲ್ಲಿ ನನಗೆ ಗೊತ್ತಿರುವುದನ್ನೆಲ್ಲ ಬರೆದು ಕೊಡಿ ಎಂದಿದ್ದಾರೆ. ಅಲ್ಲಿ ಬರೆಯಬಾರದು ಎಂದು ತೀರ್ಮಾನಿಸಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕೊಪ್ಪದ ನಮ್ಮ ಟ್ರಸ್ಟ್ ಆಸ್ಪತ್ರೆಗೆ ಹೊಸ ಐ.ಟಿ. ಮ್ಯಾನೇಜರ್ ಬಂದಿದ್ದಾನೆ. ಹೆಸರು ವಿವೇಕ, ಶಿವಮೊಗ್ಗದವನು, ನಲವತ್ತರ ಹತ್ತಿರ. ಮೊದಲ ದಿನವೇ ಎಲ್ಲರ ಕೊರಳಿಗೂ ಗುರುತಿನ ಚೀಟಿ ತೂಗುಹಾಕಿಸಿದ. ಇರುವುದು ಅರವತ್ತು ಜನ, ಒಬ್ಬರ ಮನೆಯ ನಾಯಿಯ ಹೆಸರೂ ಇನ್ನೊಬ್ಬರಿಗೆ ಗೊತ್ತು. ಆದರೂ ಇನ್ನು ಮುಂದೆ ನಾನು ವೇದಾವತಿ ಎಂಬುದಕ್ಕೆ ದಾಖಲೆ ಬೇಕು.

ಆಮೇಲೆ ನನ್ನ ಕೋಣೆಗೆ ಬಂದು ಸರ್ವರ್ ನೋಡಿದ. ಕಪ್ಪು ಪರದೆ, ಬಿಳಿ ಅಕ್ಷರ.

"ಮೇಡಂ, ಇದು ಯುನಿಕ್ಸ್ ಅಲ್ವಾ? ಇನ್ನೂ ಓಡ್ತಾ ಇದೆಯಾ?"

"ನೀವು ಬರೋ ತನಕ ಓಡ್ತಾ ಇತ್ತು" ಎಂದೆ.

1993ರಲ್ಲಿ ಯಾರೋ ಪುಣ್ಯಾತ್ಮರು ಈ ಯಂತ್ರವನ್ನು ಆಸ್ಪತ್ರೆಗೆ ದಾನ ಕೊಟ್ಟರು. ಗೋದಾನವಾದರೆ ಹಾಲು ಕರೆಯಲು ಯಾರಿಗಾದರೂ ಬರುತ್ತದೆ. ಇದನ್ನು ಮುಟ್ಟಲು ಯಾರಿಗೂ ಬರುತ್ತಿರಲಿಲ್ಲ. ಟೈಪಿಸ್ಟ್ ಆಗಿದ್ದ ನನ್ನನ್ನು ಮಂಗಳೂರಿಗೆ ಹನ್ನೊಂದು ದಿನದ ತರಬೇತಿಗೆ ಕಳಿಸಿದರು. ನನ್ನ ಬುದ್ಧಿವಂತಿಕೆ ನೋಡಿ ಅಲ್ಲ, ಮಂಗಳೂರಿನಲ್ಲಿ ನನಗೆ ಚಿಕ್ಕಮ್ಮನ ಮನೆ ಇತ್ತು, ಲಾಡ್ಜಿನ ಖರ್ಚು ಉಳಿಯುತ್ತಿತ್ತು. ಆಮೇಲೆ ಮೂರು ಸಲ ಪೆಟ್ಟಿಗೆ ಬದಲಾಯಿತು, ಒಳಗೆ ಅದನ್ನು ನಡೆಸುವ ಯುನಿಕ್ಸ್ ತಂತ್ರಾಂಶ ಬದಲಾಗಲಿಲ್ಲ, ನಾನೂ ಬದಲಾಗಲಿಲ್ಲ. ಸರಿಯಾಗಿ ಹೇಳಿದರೆ ಹೇಳಿದಂತೆ ಮಾಡುವ ಯಂತ್ರ ಅದು. ತಪ್ಪಾಗಿ ಹೇಳಿದರೆ ಅದನ್ನೂ ಮಾಡುತ್ತದೆ.

ಅಕ್ಟೋಬರ್ 31ಕ್ಕೆ ನನಗೆ ನಿವೃತ್ತಿ.

ಸೆಪ್ಟೆಂಬರ್ 10, ಮಂಗಳವಾರ

ವಿವೇಕ ಒಂದು ಫಾರಂ ಕೊಟ್ಟಿದ್ದಾನೆ. ‘ಜ್ಞಾನ ಹಸ್ತಾಂತರ’ ಎಂದು ಅದರ ತಲೆಬರಹ. ಶೃಂಗೇರಿಯಲ್ಲಿ ಈ ಕೆಲಸಕ್ಕೆ ಹನ್ನೆರಡು ವರ್ಷ ಪಾಠಶಾಲೆಯಲ್ಲಿ ಕೂರಿಸುತ್ತಾರೆ. ಇವನ ಫಾರಂನಲ್ಲಿ ಹನ್ನೆರಡು ಕಾಲಂ ಇವೆ, ಶುಕ್ರವಾರದೊಳಗೆ ತುಂಬಬೇಕು.

‘ಈ ಕೆಲಸ ಬೇರೆ ಯಾರಿಗೆ ಗೊತ್ತಿದೆ?’ ಎಂಬ ಕಾಲಂ ಒಂದಿತ್ತು. ಮೇಲಿನಿಂದ ಕೆಳಗಿನವರೆಗೆ ‘ಯಾರಿಗೂ ಗೊತ್ತಿಲ್ಲ’ ಎಂದು ಬರೆದೆ. ಬರೆಯುತ್ತ ಬರೆಯುತ್ತ ಅಕ್ಷರ ದುಂಡಗಾಯಿತು. ಉಳಿದ ಕಾಲಂಗಳನ್ನು ಖಾಲಿ ಬಿಟ್ಟೆ.

"ಮೇಡಂ, ಡೀಟೇಲ್ಸ್ ಬೇಕಲ್ಲ."

"ಎಲ್ಲಾ ಯಂತ್ರದಲ್ಲೇ ಉಂಟು. ಓದಿಕೊಳ್ಳಿ."

ರಾತ್ರಿ ಊಟಕ್ಕೆ ಕೂತಾಗ ಇದನ್ನು ದತ್ತಮೂರ್ತಿ ಮಾಸ್ತರರಿಗೆ, ಅಂದರೆ ನನ್ನ ಗಂಡನಿಗೆ, ಹೇಳಿದೆ. ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರರಾಗಿದ್ದವರು, ಯಾವುದನ್ನೂ ಬೇಗ ಮೆಚ್ಚುವುದಿಲ್ಲ.

"ಎಂತ ಮಾರಾಯ್ತಿ ನಿಂದು, ಕೋಳಿ ಅಜ್ಜಿ ಕಥೆ ಆಯ್ತಲ್ಲ. ತನ್ನ ಕೋಳಿ ಕೂಗದಿದ್ರೆ ಊರಿಗೆ ಬೆಳಗಾಗ್ತಿಲ್ಲೆ ಅಂತ ಕೋಳಿ ಎತ್ತಿಕೊಂಡು ಹೋದವಳು."

"ನನ್ನ ಕೋಳಿ ಕೂಗದಿದ್ದರೆ ನಿಜಕ್ಕೂ ಬೆಳಗಾಗುವುದಿಲ್ಲ" ಎಂದೆ. ಅವರು ಮಜ್ಜಿಗೆ ಕೇಳಿದರು.

ಸೆಪ್ಟೆಂಬರ್ 18, ಬುಧವಾರ

ಬಾಕಿ ಇರುವ ರಜೆಯಲ್ಲಿ ಒಂದು ವಾರ ಈಗಲೇ ಮುಗಿಸಿ ಎಂದು ಆದೇಶ ಬಂದಿದೆ. ಜೊತೆಗೆ ವಿವೇಕನ ಹೊಸ ಸುತ್ತೋಲೆ: ರಜೆಯ ಮೇಲೆ ಇರುವವರ ಲಾಗಿನ್‌ಗೆ ಬೀಗ ಹಾಕಲಾಗುವುದು. ಭದ್ರತೆಯ ದೃಷ್ಟಿಯಿಂದಂತೆ.

ಇಲ್ಲೊಂದು ಸ್ವಾರಸ್ಯ ಇದೆ, ಅದು ಸದ್ಯಕ್ಕೆ ನನಗೂ ಯುನಿಕ್ಸ್‌ಗೂ ಮಾತ್ರ ಗೊತ್ತು. ಇಂಥ ಹೊತ್ತಿಗೆ ಇಂಥ ಕೆಲಸ ಮಾಡು ಎಂದು ಬರೆದಿಟ್ಟರೆ ಯುನಿಕ್ಸ್ ತಾನೇ ಎದ್ದು ಮಾಡುತ್ತದೆ, ಅದಕ್ಕೆ ಕ್ರಾನ್ ಎಂದು ಹೆಸರು. ಹಾಗೆ ಬರೆದಿಟ್ಟ ಇಪ್ಪತ್ತಾರು ಕೆಲಸಗಳೂ ಇರುವುದು ನನ್ನ ಲಾಗಿನ್‌ನ ಹೆಸರಿನಲ್ಲಿ. ಬೀಗ ಬಿದ್ದ ಲಾಗಿನ್‌ನ ಕೆಲಸವನ್ನು ನಮ್ಮ ಯಂತ್ರ ಮುಟ್ಟುವುದಿಲ್ಲ.

ಇಪ್ಪತ್ತಾರರಲ್ಲಿ ಒಂದು ವ್ಯಾನಿನ ಚೀಟಿ. ಡಯಾಲಿಸಿಸ್‌ಗೆ ಬರುವ ಹದಿನೆಂಟು ಜನರಲ್ಲಿ ಆ ದಿನ ಯಾರ ಸರದಿ, ವ್ಯಾನ್ ಯಾವ ದಾರಿ ಹಿಡಿಯಬೇಕು, ಎಲ್ಲವೂ ಅದರಲ್ಲಿರುತ್ತದೆ. ಒಂದು ದಿನ ನರಸಿಂಹರಾಜಪುರದ ಕಡೆ, ಮರುದಿನ ಶೃಂಗೇರಿಯ ಕಡೆ. ನಡುವೆ ಯಾವುದಾದರೂ ಡಯಾಲಿಸಿಸ್ ಯಂತ್ರ ಕೆಟ್ಟರೆ ಅದೂ ಹಿಂದೆಮುಂದೆ. ಬೆಳಗಿನ ನಾಲ್ಕೂವರೆಗೆ ಪ್ರಿಂಟರಿನಿಂದ ಬರುತ್ತದೆ, ನರ್ಸ್ ಹರಿದು ಮೊಳೆಗೆ ಸಿಕ್ಕಿಸುತ್ತಾಳೆ, ಡ್ರೈವರ್ ದೇವಪ್ಪ ಐದೂವರೆಗೆ ತೆಗೆದುಕೊಂಡು ಹೊರಡುತ್ತಾನೆ, ವಾಪಸ್ ಬಂದ ಮೇಲೆ ಮತ್ತೆ ಅದೇ ಮೊಳೆಗೆ ಸಿಕ್ಕಿಸುತ್ತಾನೆ. ಹತ್ತು ವರ್ಷದ ಹಿಂದೆ ಒಮ್ಮೆ ಅವನು ತನ್ನ ನೆನಪಿನ ಮೇಲೆ ಹೋಗಿ ಒಬ್ಬರನ್ನು ಬಿಟ್ಟು ಬಂದಿದ್ದ. "ನೀನು ತಲೆ ಓಡಿಸ್ಬೇಡ ಮಾರಾಯ, ವ್ಯಾನ್ ಓಡಿಸು. ಚೀಟಿ ಹೇಳಿದ ಹಾಗೆ ಹೋಗು" ಎಂದು ಎಲ್ಲರೆದುರು ಬೈದಿದ್ದೆ. ಅಂದಿನಿಂದ ಅವನು ತಪ್ಪಲಿಲ್ಲ.

ಸುತ್ತೋಲೆಯ ಕೆಳಗೆ ‘ಓದಿ ತಿಳಿದುಕೊಂಡಿದ್ದೇನೆ’ ಎಂದು ಸಹಿ ಮಾಡಿದೆ. ಓದಿದ್ದೂ ನಿಜ, ತಿಳಿದದ್ದೂ ನಿಜ. ವಿವೇಕ ಥ್ಯಾಂಕ್ಸ್ ಹೇಳಿದ.

ಸೆಪ್ಟೆಂಬರ್ 23, ಸೋಮವಾರ

ರಜೆಯ ಮೊದಲ ದಿನ. ಹತ್ತು ಗಂಟೆಗೆ ಬೀಗ ಬಿದ್ದಿತೆಂದು ಫೋನಿಗೆ ಮೆಸೇಜ್ ಬಂತು. ಬಹಳ ಶಿಸ್ತು.

ನಾಳೆ ಏನಾಗುತ್ತದೆ ಎಂದು ಲೆಕ್ಕ ಹಾಕಿದ್ದೇನೆ. ನಾಲ್ಕೂವರೆಗೆ ಚೀಟಿ ಬರುವುದಿಲ್ಲ. ನರ್ಸ್ ಪ್ರಿಂಟರಿಗೆ ಎರಡು ತಟ್ಟಿ ವಿವೇಕನನ್ನು ಎಬ್ಬಿಸುತ್ತಾಳೆ. ವಿವೇಕ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಯೋಚಿಸುತ್ತಾನೆ. ಐದಕ್ಕೆ ನನಗೆ ಫೋನ್. ಎರಡು ರಿಂಗ್ ಆಗಲು ಬಿಡುತ್ತೇನೆ. ಬೀಗ ತೆಗೆಯಿರಿ ಎಂದು ಹೇಳಲು ಅರ್ಧ ನಿಮಿಷ, ಚೀಟಿ ಬರಲು ಒಂದು ನಿಮಿಷ. ಐದೂವರೆಗೆ ವ್ಯಾನ್ ಎಂದಿನಂತೆ ಹೊರಡುತ್ತದೆ. ಯಾರಿಗೂ ತೊಂದರೆ ಇಲ್ಲ, ವಿವೇಕನಿಗೆ ಸ್ವಲ್ಪ ಬೆವರು, ಅಷ್ಟೆ.

ಫೋನ್ ಚಾರ್ಜಿಗೆ ಹಾಕಿದ್ದೇನೆ.

ಸೆಪ್ಟೆಂಬರ್ 24, ಮಂಗಳವಾರ

ಐದು ಗಂಟೆ. ಫೋನ್ ಇಲ್ಲ.

ಐದೂವರೆ. ಇಲ್ಲ. ಸಿಗ್ನಲ್ ಪೂರ್ತಿ ಇದೆ.

ಏಳು ಗಂಟೆಗೆ ಹಾಲು ತರುವ ನೆಪದಲ್ಲಿ ರಸ್ತೆಗೆ ಹೋದೆ. ಶೃಂಗೇರಿಯ ಕಡೆಯಿಂದ ಬರುವ ವ್ಯಾನ್ ಹರಿಹರಪುರದ ನಮ್ಮ ಮನೆಯ ಮುಂದೆಯೇ ಏಳೂಕಾಲಿಗೆ ಹಾದುಹೋಗುತ್ತದೆ. ಏಳೂವರೆಯವರೆಗೆ ನಿಂತಿದ್ದೆ. ಬರಲಿಲ್ಲ. ನಾನು ಬರುವ ಮೊದಲೇ ಹೋಗಿರಬೇಕು ಎಂದುಕೊಂಡು ಮನೆಗೆ ಬಂದೆ.

ಹನ್ನೊಂದಕ್ಕೆ ಫೋನ್ ಬಂತು. ಸಾಲ ಬೇಕೇ ಎಂದು ಒಂದು ಹುಡುಗಿ ಕೇಳಿದಳು. ಅವಳ ಹತ್ತಿರ ಅಗತ್ಯಕ್ಕಿಂತ ಹೆಚ್ಚು ಹೊತ್ತು ಮಾತಾಡಿದೆ.

ಸಂಜೆ ರಿಸೆಪ್ಷನ್‌ಗೆ ನಾನೇ ಫೋನ್ ಮಾಡಿ, ಕೊಡೆ ಬಿಟ್ಟುಬಂದಿದ್ದೇನೆಯೇ ನೋಡಿ ಎಂದೆ. ಕೊಡೆ ಇಲ್ಲವಂತೆ. ಬೆಳಿಗ್ಗೆ ಪ್ರಿಂಟರ್ ಕೆಟ್ಟಿತ್ತಂತೆ, ನಾಳೆಯ ಚೀಟಿಯನ್ನು ವಿವೇಕ ಸರ್ ಎಕ್ಸೆಲ್‌ನಲ್ಲಿ ತಾವೇ ಮಾಡಿದರಂತೆ, ಬಣ್ಣ ಬಣ್ಣದ್ದು, ತುಂಬ ಚೆನ್ನಾಗಿದೆಯಂತೆ. ಈ ಆಸ್ಪತ್ರೆಯಲ್ಲಿ ತಪ್ಪು ಆಗುವುದು ಎರಡೇ ಕಾರಣದಿಂದ, ಒಂದು ಪ್ರಿಂಟರ್, ಇನ್ನೊಂದು ಡ್ರೈವರ್. ನನ್ನ ನೆನಪು ಯಾರಿಗೂ ಬಂದಿಲ್ಲ.

ಸೆಪ್ಟೆಂಬರ್ 26, ಗುರುವಾರ

ದೇವಪ್ಪ ಮನೆಗೆ ಬಂದಿದ್ದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನನ್ನು ಯೂನಿಫಾರಂ ಇಲ್ಲದೆ ನೋಡಿದೆ. ಒಳಗೆ ಬಾ ಎಂದರೂ ಜಗುಲಿಯ ತುದಿಯಲ್ಲಿ ಕುಳಿತ. ಕೆಲಸದಿಂದ ನಿಲ್ಲಿಸಿದ್ದಾರಂತೆ, ಸೋಮವಾರ ವಿಚಾರಣೆಯಂತೆ.

"ಎಂತ ಆಯ್ತು ದೇವಪ್ಪ?"

"ಮಂಗಳವಾರ ಮೊಳೇಲಿ ಚೀಟಿ ಇತ್ತು ಮೇಡಂ, ತಗೊಂಡೆ. ನೋಡಿದ್ರೆ ಹಿಂದಿನ ದಿನ ಹೋಗಿದ್ದ ಹೆಸ್ರುಗಳೇ. ನಂಗೂ ಅನುಮಾನ ಬಂತು. ಆದ್ರೆ ನೀವು ಹೇಳಿದ್ರಲ್ಲ, ತಲೆ ಓಡಿಸ್ಬೇಡ, ಚೀಟಿ ಹೇಳಿದ ಹಾಗೆ ಹೋಗು ಅಂತ. ಕಡಹಿನಬೈಲಿಗೆ ಹೋದ್ರೆ ಧರ್ಮಪ್ಪ ಇನ್ನೂ ಹಲ್ಲುಜ್ತಾ ಇದ್ರು. ‘ನಿನ್ನೆ ತಾನೇ ಮಾಡ್ಸಿದ್ದಲ್ಲ ಮಾರಾಯ’ ಅಂದ್ರು."

ಸೋಮವಾರದ ಚೀಟಿ ಅದು. ಹೊಸದು ಬರದಿದ್ದರಿಂದ ಮೊಳೆಯಲ್ಲಿ ಹಳೆಯದೇ ಉಳಿದಿದೆ. ಚೀಟಿ ಇದೆಯಲ್ಲ ಎಂದು ನರ್ಸೂ ಯಾರನ್ನೂ ಎಬ್ಬಿಸಿಲ್ಲ. ಅವನು ನರಸಿಂಹರಾಜಪುರದ ಕಡೆಯ ಆ ಕಡಹಿನಬೈಲಿನಿಂದ ವಾಪಸಾಗುವಷ್ಟರಲ್ಲಿ ಎಂಟೂವರೆ. ಶೃಂಗೇರಿ ಕಡೆಯ ಉಳಿದವರು ತಾವೇ ಬಸ್ಸು ಹತ್ತಿ ಬಂದರಂತೆ. ಕಿಗ್ಗದ ಶಂಕರಮ್ಮ ಬರಲಿಲ್ಲ. ವಾರ್ಡಿನವರು ಎರಡು ಸಲ ಫೋನ್ ಮಾಡಿದರಂತೆ, ಅವಳ ಮನೆಯ ಹತ್ತಿರ ಸಿಗ್ನಲ್ ಇಲ್ಲ. ನಿನ್ನೆ ಸಂಜೆ ಉಸಿರು ಕಟ್ಟಿ, ಅಕ್ಕಪಕ್ಕದವರು ಜೀಪಿನಲ್ಲಿ ತಂದು ಹಾಕಿದ್ದಾರೆ. ಐ.ಸಿ.ಯು.ನಲ್ಲಿದ್ದಾಳೆ.

"ನೀವೊಂದು ಮಾತು ಹೇಳ್ಬೇಕು ಮೇಡಂ. ಆ ಚೀಟೀಲಿ ತಾರೀಕು ಇರಲ್ಲ. ಹಳೇದ್ಯಾವ್ದು ಹೊಸಾದ್ಯಾವ್ದು ಅಂತ ಗೊತ್ತಾಗೋದು ಹ್ಯಾಗೆ ಹೇಳಿ."

ಹೌದು, ತಾರೀಕು ಇರುವುದಿಲ್ಲ. 2011ರಲ್ಲಿ ಹೆಸರುಗಳು ಹೆಚ್ಚಾಗಿ ಚೀಟಿ ಎರಡನೇ ಹಾಳೆಗೆ ಹೋಗುತ್ತಿತ್ತು. ಕಾಗದ ಉಳಿಸಲು ಮೇಲಿನ ಒಂದು ಸಾಲು ತೆಗೆಯಬೇಕಿತ್ತು. ‘ಶ್ರೀ’ ತೆಗೆಯುತ್ತೇನೆಂದೆ, ಆಡಳಿತ ಮಂಡಳಿ ಒಪ್ಪಲಿಲ್ಲ. ತಾರೀಕು ತೆಗೆಯುತ್ತೇನೆಂದೆ, ಯಾರೂ ಏನೂ ಅನ್ನಲಿಲ್ಲ. ಚೀಟಿ ದಿನವೂ ಬಂದೇ ಬರುತ್ತದೆ, ಇವತ್ತಿನ ಚೀಟಿ ಇವತ್ತಿನದೇ ಆಗಿರುತ್ತದೆ ಎಂದು ಮೀಟಿಂಗಿನಲ್ಲಿ ಹೇಳಿದವಳು ನಾನೇ. ನಡಾವಳಿ ಪುಸ್ತಕದಲ್ಲಿ ಅದನ್ನು ಬರೆದೂ ಇದ್ದಾರೆ.

ದೇವಪ್ಪ ಕಾಫಿ ಕುಡಿದು ಲೋಟ ತೊಳೆದಿಟ್ಟು ಹೋದ. ಹೇಳುತ್ತೇನೆ ಎಂದು ಅವನಿಗೆ ಹೇಳಿದ್ದೇನೆ. ಏನು ಹೇಳುತ್ತೇನೆ ಎಂದು ಹೇಳಿಲ್ಲ.

ಸೆಪ್ಟೆಂಬರ್ 27, ಶುಕ್ರವಾರ

ರಜೆಯಲ್ಲಿದ್ದರೂ ಹೋದೆ. ಶಂಕರಮ್ಮನನ್ನು ವಾರ್ಡಿಗೆ ತಂದಿದ್ದರು. ಹದಿಮೂರು ವರ್ಷದಿಂದ ಅವಳ ಹೆಸರು ಟೈಪಾಗುವುದು ನೋಡಿದ್ದೇನೆ, ಮುಖ ಸರಿಯಾಗಿ ನೋಡಿದ್ದು ಇವತ್ತು. ಸಣ್ಣ ಹೆಂಗಸು, ಕೈಯಲ್ಲಿ ಹಸಿರು ಬಳೆ.

"ಆರು ಗಂಟೆಯಿಂದ ನಿಂತಿದ್ದೆ ಕಣಮ್ಮ. ಎಂಟಾದ್ರೂ ಬರ್ಲಿಲ್ಲ."

"ಬಸ್ಸಿಗೆ ಬರ್ಬೇಕಿತ್ತು. ಇಲ್ಲ ಮೇಲೆ ದೇವಸ್ಥಾನದ ಹತ್ರ ಹೋಗಿ ಫೋನಾದ್ರೂ ಮಾಡ್ಬೇಕಿತ್ತು."

"ಎಂಥ ಅಂತ ಮಾಡೋದು? ಆ ಚೀಟಿ ಯಾವತ್ತೂ ತಪ್ಪಿದ್ದಿಲ್ಲ. ವ್ಯಾನ್ ಬರ್ಲಿಲ್ಲ ಅಂದ್ರೆ ನನ್ ಹೆಸ್ರು ಹೊಡೆದು ಹಾಕಿದಾರೆ ಅಂತ್ಲೇ ತಿಳ್ಕೊಂಡೆ. ವಯಸ್ಸಾಯ್ತಲ್ಲ, ಇನ್ನು ಇವ್ಳಿಗೆ ಯಾಕೆ ಅಂತ ಬಿಟ್ಟಿರ್ಬೇಕು. ಕೇಳೋದು ಚೆನ್ನಾಗಿರಲ್ಲ ಅಂತ ಮನೆಗೆ ಹೋಗಿ ಗಂಜಿ ಮಾಡ್ಕೊಂಡೆ."

ಒಂದು ಗಂಟೆಯ ಬಸ್ಸಿಗೆ ವಾಪಸ್ ಬಂದೆ.

ಸೆಪ್ಟೆಂಬರ್ 28, ಶನಿವಾರ

ಇವತ್ತು ಬರೆಯುವಂಥದ್ದು ಏನೂ ಇಲ್ಲ.

ಸೆಪ್ಟೆಂಬರ್ 30, ಸೋಮವಾರ

ವಿಚಾರಣೆ. ಸೂಪರಿಂಟೆಂಡೆಂಟ್ ಡಾಕ್ಟರ್ ರಂಜನಾ, ವಿವೇಕ, ಮಂಡಳಿಯ ಇಬ್ಬರು. ದೇವಪ್ಪ ಬಾಗಿಲ ಹತ್ತಿರ ನಿಂತಿದ್ದ, ಕುರ್ಚಿ ಖಾಲಿ ಇದ್ದರೂ. ಪ್ರಿಂಟರ್ ಕೆಟ್ಟಿತ್ತು, ಚಾಲಕ ಹಳೆಯ ಚೀಟಿಯನ್ನು ನಿರ್ಲಕ್ಷ್ಯದಿಂದ ಬಳಸಿದ್ದಾನೆ ಎಂದು ವರದಿ ಮೊದಲೇ ಟೈಪಾಗಿತ್ತು.

ನಾನು ದಿನಾಂಕದ ವಿಷಯ ಮಾತ್ರ ಹೇಳಿ ಕೂರಬಹುದಿತ್ತು. ಅಷ್ಟಕ್ಕೇ ದೇವಪ್ಪ ಉಳಿಯುತ್ತಿದ್ದ, ನಾನೂ ಉಳಿಯುತ್ತಿದ್ದೆ. ಬಸ್ಸಿನಲ್ಲಿ ಅದನ್ನೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅಲ್ಲಿ ಬಾಯಿಗೆ ಬಂದದ್ದು ಬೇರೆ.

"ಪ್ರಿಂಟರ್ ಕೆಟ್ಟಿರಲಿಲ್ಲ ಡಾಕ್ಟ್ರೇ. ನನ್ನ ಲಾಗಿನ್‌ಗೆ ಬೀಗ ಹಾಕಿದ್ರೆ ಚೀಟಿ ಬರೋದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು."

"ಗೊತ್ತಿದ್ದೂ ಹೇಳ್ಲಿಲ್ವಾ?"

"ಹೇಳ್ಲಿಲ್ಲ. ನೀವೆಲ್ಲ ನನಗೆ ಫೋನ್ ಮಾಡ್ತೀರಿ ಅಂತ ಕಾಯ್ತಾ ಇದ್ದೆ."

ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ವಿವೇಕನಿಗೆ. "ಬೀಗ ಹಾಕಿದ್ರೆ ಕ್ರಾನ್ ನಿಲ್ಲುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ ಮೇಡಂ" ಎಂದ, ತಪ್ಪು ತನ್ನದು ಎಂಬ ಹಾಗೆ. ಅದು ನಾನು ಒಂದು ತಿಂಗಳಿನಿಂದ ಕೇಳಬೇಕೆಂದು ಕಾದಿದ್ದ ಮಾತು. ಕೇಳಿದಾಗ ರುಚಿ ಹತ್ತಲಿಲ್ಲ.

ದೇವಪ್ಪನಿಗೆ ನಾಳೆಯಿಂದ ಕೆಲಸ. ನನಗೆ ಮೆಮೊ. ಮೂವತ್ತೊಂದು ವರ್ಷದಲ್ಲಿ ನನ್ನ ಹೆಸರಿಗೆ ಬಂದ ಮೊದಲ ಪತ್ರ ಅದು. ಪ್ರಶಂಸೆಯ ಪತ್ರಗಳನ್ನು ಟೈಪ್ ಮಾಡುತ್ತಿದ್ದದ್ದು ನಾನೇ ಆದ್ದರಿಂದ ನನಗೆ ಯಾರೂ ಬರೆದಿರಲಿಲ್ಲ.

ಆಮೇಲೆ ವಾರ್ಡಿಗೆ ಹೋಗಿ ಶಂಕರಮ್ಮನಿಗೂ ಹೇಳಿದೆ. ಯುನಿಕ್ಸ್, ಬೀಗ, ನನ್ನ ಹಟ, ಎಲ್ಲ. ಅವಳಿಗೆ ಎಷ್ಟು ಅರ್ಥವಾಯಿತೋ, ಕೇಳಿದ್ದು ಒಂದೇ.

"ಹಂಗಾದ್ರೆ ನನ್ ಹೆಸ್ರು ಹೊಡೆದು ಹಾಕಿರ್ಲಿಲ್ವಾ?"

"ಇಲ್ಲ."

"ಹೌದಾ" ಎಂದು ಗೋಡೆಯ ಕಡೆ ಹೊರಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 4, ಶುಕ್ರವಾರ

ಇಪ್ಪತ್ತಾರು ಕೆಲಸಗಳಲ್ಲಿ ಒಂಬತ್ತನ್ನು ನನ್ನ ಲಾಗಿನ್‌ನಿಂದ ತೆಗೆದು ಆಸ್ಪತ್ರೆಯ ಹೆಸರಿನ ಹೊಸ ಲಾಗಿನ್‌ಗೆ ಹಾಕಿದ್ದಾಯಿತು. ವಿವೇಕ ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಾನೆ. ಫೈಲಿಗೆ ‘ಅತ್ತೆ’ ಎಂದು ಯಾಕೆ ಹೆಸರಿಟ್ಟಿದ್ದೀರಿ ಎಂದು ಕೇಳಿದ. ಅದು ದಿನವೂ ಎಲ್ಲರ ತಪ್ಪು ಹುಡುಕುವ ಫೈಲು ಎಂದೆ. ಅವನು ನಕ್ಕ, ಅವನಿಗೆ ನಗಲು ಬರುತ್ತದೆಂದು ಗೊತ್ತಿರಲಿಲ್ಲ. ಅವನ ಅತ್ತೆ ತೀರ್ಥಹಳ್ಳಿಯವರಂತೆ.

ಒಂದು ಕೆಲಸ ಏನು ಮಾಡುತ್ತದೆ ಎಂದು ನನಗೇ ನೆನಪಾಗಲಿಲ್ಲ. 1998ರಿಂದ ಪ್ರತಿ ಭಾನುವಾರ ತಪ್ಪದೆ ಓಡುತ್ತಿದೆ. ಇಬ್ಬರೂ ಕುಳಿತು ಒಂದೂವರೆ ಗಂಟೆ ಓದಿದ ಮೇಲೆ, 2003ರಲ್ಲಿ ಗುಜರಿಗೆ ಹೋದ ಪ್ರಿಂಟರಿಗೆ ಶಾಯಿ ಇದೆಯೇ ಎಂದು ವಿಚಾರಿಸುವ ಕೆಲಸ ಅದು ಎಂದು ತಿಳಿಯಿತು. ಇದನ್ನೇ ನಾನು ‘ಯಾರಿಗೂ ಗೊತ್ತಿಲ್ಲ’ ಎಂದು ಬರೆದುಕೊಟ್ಟದ್ದು.

ಫಾರಂ ಇನ್ನೊಂದು ಪ್ರತಿ ಕೇಳಿ ತಂದಿದ್ದೇನೆ. ಹನ್ನೆರಡು ಕಾಲಂ ಸಾಲುವುದಿಲ್ಲ.

ಅಕ್ಟೋಬರ್ 11, ಶುಕ್ರವಾರ

ಆಯುಧಪೂಜೆ. ಎಂದಿನಂತೆ ಸರ್ವರಿಗೆ ಕುಂಕುಮ ಹಚ್ಚಿ ಸೇವಂತಿಗೆ ಇಟ್ಟೆ. ಗಾಳಿ ಆಡುವ ಕಿಂಡಿಗೆ ಹೂವು ಇಡಬಾರದು, ಧೂಳಿಗಿಂತ ಹೂವೇ ಹೆಚ್ಚು ಹಾಳು ಎಂದು ವಿವೇಕನಿಗೆ ಹೇಳಿಕೊಟ್ಟೆ. ಅದನ್ನೂ ಬರೆದುಕೊಂಡ.

ದೇವಪ್ಪ ವ್ಯಾನಿಗೆ ನಿಂಬೆಹಣ್ಣು ಕಟ್ಟಿ ಕರೆದ, ಹೋದೆ. ಚೀಟಿಗೆ ದಿನಾಂಕ ವಾಪಸ್ ಬಂದಿದೆ, ‘ಶ್ರೀ’ಗಿಂತ ದೊಡ್ಡ ಅಕ್ಷರದಲ್ಲಿ, ವಾರದ ಹೆಸರಿನ ಸಮೇತ. ಎರಡು ಹಾಳೆಯಾಗುತ್ತದೆ, ಆಗಲಿ. ಚೀಟಿ ಬರದಿದ್ದರೆ ಡ್ರೈವರಿಗೂ ಡಯಾಲಿಸಿಸ್ ವಾರ್ಡಿಗೂ ಫೋನ್ ಹೋಗುವಂತೆ ವಿವೇಕ ಮಾಡಿದ್ದಾನೆ. ಅದು ನನಗೆ ಬರುತ್ತಿರಲಿಲ್ಲ. ಹೇಗೆ ಮಾಡಿದ್ದು ಎಂದು ಕೇಳಿ ನಾನೂ ಬರೆದುಕೊಂಡೆ, ಇನ್ನು ಇಪ್ಪತ್ತು ದಿನಕ್ಕೆ ಅದರಿಂದ ಏನು ಪ್ರಯೋಜನವೋ.

ಅಕ್ಟೋಬರ್ 22, ಮಂಗಳವಾರ

ನಿನ್ನೆ ಸಂಜೆ ನಾನೇ ವಿವೇಕನಿಗೆ, ನನ್ನ ಲಾಗಿನ್‌ಗೆ ಒಂದು ದಿನ ಬೀಗ ಹಾಕಿ ಎಂದೆ. "ಬೇಡ ಮೇಡಂ, ಹಾಗೇ ಇರ್ಲಿ" ಎಂದ. ಹಾಕಿಸಿದೆ. ಬೆಳಿಗ್ಗೆ ಮೊದಲ ಬಸ್ಸಿಗೂ ಮುಂಚೆ ಮಾಸ್ತರರ ಸ್ಕೂಟರಿನಲ್ಲಿ ಕೊಪ್ಪಕ್ಕೆ ಹೋಗಿ ಪ್ರಿಂಟರ್ ಮುಂದೆ ನಿಂತೆ. ನಾಲ್ಕೂವರೆಗೆ ಚೀಟಿ ಬಂತು. ಇಪ್ಪತ್ತೆರಡು, ಮಂಗಳವಾರ, ಶೃಂಗೇರಿ ಕಡೆ, ಮೊದಲ ಹೆಸರು ಶಂಕರಮ್ಮ. ನಾನಿಲ್ಲದೆ ಬಂತು.

ವಾಪಸ್ ಬರುವ ದಾರಿಯಲ್ಲಿ ಮಾಸ್ತರರು "ಕೋಳಿ ಕೂಗ್ತ?" ಎಂದು ಕೇಳಿದರು. ಕೂಗದೆಯೇ ಬೆಳಗಾಯಿತು ಎಂದೆ. ಅವರು ಹೋಟೆಲಿನ ಮುಂದೆ ಸ್ಕೂಟರ್ ನಿಲ್ಲಿಸಿ ಬನ್ಸ್ ಕೊಡಿಸಿದರು.

ಅಕ್ಟೋಬರ್ 31, ಗುರುವಾರ

ನರಕಚತುರ್ದಶಿಯ ದಿನ ನಿವೃತ್ತಿ. ಎಣ್ಣೆ ನೀರು ಹಾಕಿಕೊಂಡು ಹೋದೆ. ಶಾಲು, ಹಣ್ಣು, ಒಂದು ಗೋಡೆ ಗಡಿಯಾರ. ಹೊತ್ತಿಗೆ ಸರಿಯಾಗಿ ಮಾಡಲು ಏನೂ ಉಳಿಯದವರಿಗೆ ಗಡಿಯಾರ ಕೊಡುವ ಪದ್ಧತಿ ಯಾರು ಮಾಡಿದರೋ. ಮೆಮೊ ಕೊಟ್ಟವರೇ ಭಾಷಣ ಮಾಡಿದರು, ಅದರಲ್ಲಿ ನಾನು ಆಸ್ಪತ್ರೆಯ ಬೆನ್ನೆಲುಬು.

ಆಸ್ಪತ್ರೆ ಬಿಟ್ಟವರ ಲಾಗಿನ್ ಅನ್ನು ಕೊನೆಯ ದಿನ ಸಂಜೆ ಅಳಿಸಬೇಕು ಎಂಬುದು ನಾನೇ ಮಾಡಿದ ನಿಯಮ. ಮೂರು ಸೂಪರಿಂಟೆಂಡೆಂಟ್‌ಗಳನ್ನೂ ನಾಲ್ಕು ಡಜನ್ ನರ್ಸ್‌ಗಳನ್ನೂ ಒಂದೊಂದು ಸಾಲಿನಲ್ಲಿ ಅಳಿಸಿದ್ದೇನೆ. ಐದು ಗಂಟೆಗೆ ನನ್ನ ಹೆಸರು ಹಾಕಿ ಗುಂಡಿ ಒತ್ತಿದೆ. ನಾನು ಕುಳಿತಿದ್ದದ್ದು ನನ್ನದೇ ಲಾಗಿನ್‌ನಲ್ಲಿ, ಯಂತ್ರ ಒಪ್ಪಲಿಲ್ಲ. ಈ ವ್ಯಕ್ತಿ ಈಗ ಕೆಲಸದಲ್ಲಿದ್ದಾರೆ, ತೆಗೆಯಲು ಆಗುವುದಿಲ್ಲ ಎಂದಿತು. ಇವತ್ತಿನ ಭಾಷಣಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಲಾಗಿನ್‌ನಿಂದ ಹೊರಬಂದು, ಎದ್ದು ಕುರ್ಚಿ ಬಿಟ್ಟುಕೊಟ್ಟೆ. ವಿವೇಕ ಕುಳಿತು ತನ್ನ ಲಾಗಿನ್‌ನಿಂದ ನನ್ನ ಹೆಸರು ಹಾಕಿದ, ಬೆರಳು ಎತ್ತಿಕೊಂಡೇ ಇದ್ದ.

"ಒತ್ತು ಮಾರಾಯ" ಎಂದೆ. ಅವನನ್ನು ಹಾಗೆ ಕರೆದದ್ದು ಮೊದಲ ಸಲ. ಒತ್ತಿದ.

ನವೆಂಬರ್ 2, ಶನಿವಾರ

ಎರಡು ದಿನದಿಂದ ಫೋನ್ ಬಂದಿಲ್ಲ. ನಿನ್ನೆ ಒಂದು ಸಲ ಎತ್ತಿ ನೋಡಿದೆ, ಸರಿಯಾಗಿತ್ತು, ಕೆಳಗಿಟ್ಟೆ.

ಇವತ್ತು ಬಲಿಪಾಡ್ಯಮಿ. ಹಬ್ಬ ಎಂದರೆ ಕಿಡ್ನಿ ಕೇಳುವುದಿಲ್ಲವಲ್ಲ, ವ್ಯಾನ್ ಇದೆ. ಏಳು ಗಂಟೆಗೆ ರಸ್ತೆಗೆ ಹೋಗಿ ನಿಂತೆ, ಹಾಲು ಮನೆಯಲ್ಲಿ ಇತ್ತು. ಏಳೂಕಾಲಿಗೆ ಸರಿಯಾಗಿ ತಿರುವಿನಲ್ಲಿ ಕಾಣಿಸಿತು. ದೇವಪ್ಪ ನಿಲ್ಲಿಸಿದ. ಚೀಟಿಯನ್ನು ಗಾಜಿಗೆ ಒಳಗಿನಿಂದ ಅಂಟಿಸಿದ್ದಾನೆ, ದಿನಾಂಕ ಇಪ್ಪತ್ತು ಮಾರಿನಿಂದ ಓದಬಹುದು. ಮುಂದಿನ ಸೀಟಿನಲ್ಲಿ ಶಂಕರಮ್ಮ, ಹೊಸ ಸೀರೆ. ಕಿಟಕಿ ಸರಿಸಿ ಬಾಳೆಎಲೆಯಲ್ಲಿ ಸುತ್ತಿದ ಎರಡು ಕಡುಬು ನನ್ನ ಕೈಗೆ ಹಾಕಿದಳು.

"ಕೊಪ್ಪಕ್ಕಾ ಅಮ್ಮ? ಹತ್ತಿ, ಜಾಗ ಉಂಟು."

"ಇಲ್ಲ ಶಂಕರಮ್ಮ. ಚೀಟಿಯಲ್ಲಿ ನನ್ನ ಹೆಸರಿಲ್ಲ."

ದೇವಪ್ಪ ಚೀಟಿಯನ್ನು ಗಾಜಿನಿಂದ ಬಿಡಿಸಿ ಮೇಲಿನಿಂದ ಕೆಳಗೆ ಪೂರ್ತಿ ಓದಿದ. "ಹೌದು, ಇಲ್ಲ" ಎಂದ. "ಹಾಗಾದ್ರೆ ಹತ್ತಿಸ್ಕೊಳ್ಳೋ ಹಾಗಿಲ್ಲ ಮೇಡಂ. ನೀವೇ ಹೇಳಿದ್ದಲ್ವಾ?"

ನಾನೇ ಹೇಳಿದ್ದು. ವ್ಯಾನ್ ಹೋಯಿತು. ಕಡುಬು ಇನ್ನೂ ಬಿಸಿ ಇತ್ತು, ಮನೆ ಮುಟ್ಟುವ ಮೊದಲೇ ಒಂದನ್ನು ತಿಂದೆ.